ಪಕ್ಕದ ಮನೆಯ ಕಡಲ ಹೇಳಿಕೆ

ಜನವರಿಯ ಒಂದು ಗುರುವಾರ ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ ಪಕ್ಕದ ಮನೆಯ ಅಡುಗೆಮನೆಯ ಕಿಟಕಿಯಿಂದ ಹೊಗೆ ಬರುವುದನ್ನು ಕಂಡೆ. ಸಮಯ ನೆನಪಿರುವುದಕ್ಕೆ ಕಾರಣವಿದೆ. ಆ ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ, ಹನ್ನೆರಡೂವರೆಗೆ ಮೀಟಿಂಗ್ ಇತ್ತು, ಅದಕ್ಕೆ ಮೊದಲು ಊಟ ಮುಗಿಸೋಣವೆಂದು ಎದ್ದಿದ್ದೆ. ಹೊಗೆ ದಟ್ಟವಾಗಿರಲಿಲ್ಲ. ಅದು ಬಟ್ಟೆ ಒಣಗಿಸುವ ಡ್ರೈಯರಿನ ಹಬೆ ಇರಬೇಕು ಎಂದುಕೊಂಡೆ. ಚಳಿಗಾಲದಲ್ಲಿ ನಮ್ಮ ಊರಾದ ಸ್ಟೌಫ್‌ವಿಲ್ಲಿನ ಎಲ್ಲ ಮನೆಗಳ ಗೋಡೆಯಿಂದಲೂ ಹಬೆ ಬರುತ್ತಿರುತ್ತದೆ. ಹಾಗೆಂದುಕೊಂಡು ಎಷ್ಟು ಹೊತ್ತು ಸುಮ್ಮನೆ ನಿಂತಿದ್ದೆ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಅರ್ಧ ನಿಮಿಷಕ್ಕಿಂತ ಹೆಚ್ಚು, ಒಂದು ನಿಮಿಷಕ್ಕಿಂತ ಕಡಿಮೆ.

ಮನೆಯ ಚಪ್ಪಲಿಯಲ್ಲೇ ಹಿಮದ ಮೇಲೆ ಓಡಿದೆ. ಬಾಗಿಲಿಗೆ ಬೀಗ ಹಾಕಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಕೋಟು ತೊಟ್ಟು, ಟೋಪಿ ಇಟ್ಟು, ಕೈಚೀಲ ಹಿಡಿದು ಒಳಬಾಗಿಲ ಹತ್ತಿರ ನಿಂತಿದ್ದರು. ಬಸ್ಸಿಗೆ ಕಾಯುವವರ ಹಾಗೆ ಇದ್ದರು. ಅವರ ಹಿಂದೆ, ಅಡುಗೆಮನೆಯ ಗೋಡೆಗೆ ಹೊಂದಿಸಿದ್ದ ಮೈಕ್ರೋವೇವಿನ ಗಾಜಿನ ಒಳಗೆ ಬೆಂಕಿ ಕಾಣುತ್ತಿತ್ತು. ಮೇಲಿನ ಕಪಾಟಿನ ಅಂಚು ಕರಿಹಿಡಿದಿತ್ತು. ನಾನು ಅವರನ್ನು ಹೊರಗೆ ಕರೆತಂದು ಫೋನ್ ಮಾಡಿದೆ. ಅಗ್ನಿಶಾಮಕದವರು ಬೇಗ ಬಂದರು, ಬೇಗ ಆರಿಸಿದರು. ಅವರಲ್ಲೊಬ್ಬ ಇಕ್ಕಳದಲ್ಲಿ ಒಂದು ಕಪ್ಪು ವಸ್ತುವನ್ನು ಹಿಡಿದು ತಂದು ಹಿಮದ ಮೇಲೆ ಇಟ್ಟ. ಅದು ಚುಂಯ್ ಎಂದು ಸ್ವಲ್ಪ ಕೆಳಗಿಳಿಯಿತು.

"ಇದು ಯಾರದ್ದು?" ಎಂದು ಕೇಳಿದ.

"ನನ್ನದು" ಎಂದೆ.

ಅದು ನಮ್ಮ ಮನೆಯ ಸ್ಟೀಲ್ ಡಬ್ಬಿ. ಅದರಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ನಾನೇ ಗಂಜಿ ತುಂಬಿ ಕೊಟ್ಟು ಬಂದಿದ್ದೆ. ಬಿಸಿ ಆರದಿರಲಿ ಎಂದು ಸುತ್ತಲೂ ಟವೆಲು ಸುತ್ತಿದ್ದವಳೂ ನಾನೇ.

ಅಜ್ಜಿಯ ವಿಷಯ ಹೇಳಬೇಕು. ಅವರಿಗೆ ಎಂಬತ್ತಮೂರು ವರ್ಷ. ಹುಟ್ಟಿದ್ದು ಡೆನ್ಮಾರ್ಕಿನ ದಕ್ಷಿಣದ ಒಂದು ಸಣ್ಣ ದ್ವೀಪದ ಬಂದರಿನಲ್ಲಿ. ಗಂಡ ಈ ದೇಶದ ಸರೋವರಗಳಲ್ಲಿ ಓಡುವ ಸರಕು ಹಡಗಿನಲ್ಲಿ ಇಂಜಿನಿಯರ್ ಆಗಿದ್ದವರು, ತೀರಿಕೊಂಡು ಆರು ವರ್ಷವಾಯಿತು. ಒಬ್ಬಳೇ ಮಗಳು ಕ್ಯಾಲ್ಗರಿಯಲ್ಲಿ ಇದ್ದಾಳೆ. ನಾವು ಈ ಮನೆಗೆ ಬಂದ ವಾರವೇ ಬೇಲಿಯ ಆಚೆಯಿಂದ ನನ್ನನ್ನು ಕರೆದು, ನೀನು ಸಮುದ್ರದ ಹತ್ತಿರದವಳೋ ಎಂದು ಕೇಳಿದ್ದರು. ಹೌದು, ಮಲ್ಪೆಯ ಪಕ್ಕದವಳು, ಹೇಗೆ ಗೊತ್ತಾಯಿತು ಎಂದೆ. ಬಟ್ಟೆ ಒಣಗಿಸುವ ಮೊದಲು ಗಾಳಿ ಎತ್ತಲಿಂದ ಎಂದು ನೋಡಿದೆಯಲ್ಲ ಎಂದರು. ಅವರು ನನ್ನೊಡನೆ ಮಾತಾಡುವುದು ಇಂಗ್ಲಿಷಿನಲ್ಲಿ. ಇಲ್ಲಿ ಅದನ್ನು ನನ್ನ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ, ಕೂಡಿಸಿದ್ದು ಏನೂ ಇಲ್ಲ.

ಅವರ ಊರಿನ ಬಗ್ಗೆ ನನಗೆ ತಿಳಿದದ್ದೆಲ್ಲ ಅವರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಕೇಳಿದ್ದು. ಆ ಬಂದರಿಗೆ ಉದ್ದದ ಒಂದು ಕಲ್ಲಿನ ಅಲೆತಡೆ ಇದೆ. ಅದನ್ನು ಕಟ್ಟಲು ಅರಸನಿಗೋ ಸರಕಾರಕ್ಕೋ ಕಾಯಲಿಲ್ಲವಂತೆ. ಚಳಿಗಾಲದಲ್ಲಿ ಸಮುದ್ರ ಗಟ್ಟಿಯಾದಾಗ ಮನೆಮನೆಯವರೂ ಮಂಜುಗಡ್ಡೆಯ ಮೇಲೆ ಬಂಡೆಗಳನ್ನು ಎಳೆದು ತಂದು ಹಾಕಿದರಂತೆ, ವರ್ಷಗಟ್ಟಲೆ. ಇಗರ್ಜಿಯ ಮಾಡಿನಿಂದ ಪುಟ್ಟ ಹಡಗುಗಳನ್ನು ತೂಗುಹಾಕಿದ್ದಾರೆ, ನಿಜವಾದ ಹಾಯಿಗಳಿರುವವು. ಬಾಗಿಲು ತೆರೆದರೆ ಅವೆಲ್ಲ ಸ್ವಲ್ಪ ತಿರುಗುತ್ತವಂತೆ. ಗಂಡಸರು ಬೇಸಿಗೆಯ ಮೊದಲು ಹೋದರೆ ಚಳಿಗೆ ಹಿಂದಿರುಗುವರು. ಮದುವೆಗಳು, ಮಕ್ಕಳಿಗೆ ಹೆಸರಿಡುವುದು, ಜಗಳಗಳ ತೀರ್ಮಾನ, ಎಲ್ಲವೂ ಹಡಗುಗಳು ಬಂದರಿನಲ್ಲಿ ಕಟ್ಟಿ ನಿಂತ ಆ ಎರಡು ಮೂರು ತಿಂಗಳಲ್ಲೇ ಆಗಬೇಕು. ನಮ್ಮಲ್ಲಿ ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೆ ಎಳೆದು ತೆಂಗಿನ ಮಡಲು ಹೊದಿಸಿದ ಮೇಲೆ ಮನೆಗಳಲ್ಲಿ ಗಂಡಸರ ಸ್ವರ ಕೇಳಿಸತೊಡಗುತ್ತದಲ್ಲ, ಹಾಗೆ. ಇದನ್ನು ಹೇಳಿದಾಗ ಅವರು ಬಹಳ ನಕ್ಕರು. "ಮತ್ತೆ ಅವರು ಯಾವಾಗ ಹೊರಡುತ್ತಾರೋ ಎಂದು ಹೆಂಗಸರು ಕಾಯುತ್ತಾರೆ, ಅಲ್ಲವೇ?" ಎಂದರು.

ಗಂಜಿ ಅವರಿಗೆ ಇಷ್ಟ. ಅವರ ಅಜ್ಜಿ ಒಣಗಿದ ರೈ ಬ್ರೆಡ್ಡನ್ನು ನೆನೆಸಿ ಕುದಿಸಿ ಮಾಡುತ್ತಿದ್ದ ಒಂದು ಅಂಬಲಿಯ ನೆನಪು ಬರುತ್ತದಂತೆ. ವಾರಕ್ಕೆ ಎರಡು ಸಲ ಕುಚ್ಚಲಕ್ಕಿ ಗಂಜಿ, ಮೇಲೆ ಒಂದು ಚಮಚ ತುಪ್ಪ, ಬದಿಗೆ ಮಾವಿನ ಮಿಡಿ ಕೊಡುತ್ತಿದ್ದೆ. ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದನ್ನು ನಾನು ಕಲಿಸಿರಲಿಲ್ಲ, ಅವರ ಊರಿನಲ್ಲೂ ಹಾಗೇ ಅಂತೆ. ಮೊದಲ ವರ್ಷಗಳಲ್ಲಿ ಡಬ್ಬಿಯಲ್ಲಿ ಏಲಕ್ಕಿ ಹಾಕಿದ ಬನ್ನು ಬರುತ್ತಿತ್ತು. ಆಮೇಲೆ ಅಂಗಡಿಯ ಬಿಸ್ಕತ್ತು. ಹೋದ ವರ್ಷ ಆಗಸ್ಟಿನಲ್ಲಿ ಒಂದು ಸಲ ತೊಳೆಯದ ಆಲೂಗಡ್ಡೆ ಬಂತು. ಸೆಪ್ಟೆಂಬರಿನಲ್ಲಿ ಒಂದು ಸಲ ನಾನು ಐದು ದಿನ ಹಿಂದೆ ಕೊಟ್ಟ ಗಂಜಿಯೇ ಬಂತು, ಮೇಲೆ ಬೂಷ್ಟು ಕಟ್ಟಿ. ನಾನು ಅದನ್ನು ಚೆಲ್ಲಿ ಡಬ್ಬಿ ತೊಳೆದಿಟ್ಟೆ. ಯಾರಿಗೂ ಹೇಳಲಿಲ್ಲ.

ಬೆಂಕಿಯ ದಿನ ಸಂಜೆ ನಮ್ಮ ಮನೆಯಲ್ಲಿ ಮಾತು ಹೀಗೆ ನಡೆಯಿತು. ನನ್ನ ಗಂಡ ಕೇಳಿದರು, "ಸ್ಟೀಲ್ ಡಬ್ಬಿಯಲ್ಲಿ ಕೊಟ್ಟದ್ದಾ ನೀನು?"

"ಗ್ಲಾಸಿಂದು ಡಿಶ್‌ವಾಷರಲ್ಲಿ ಇತ್ತು."

"ಮೈಕ್ರೋವೇವಿಗೆ ಇಡ್ಬೇಡಿ ಅಂತ ಹೇಳಿದ್ದಿಯಾ?"

"ಅದನ್ನು ಎಂತ ಹೇಳುದು? ಎಲ್ರಿಗೂ ಗೊತ್ತಿರ್ತದಲ್ಲ."

"ನಮ್ಮವ್ರಿಗೆ ಗೊತ್ತಿರ್ತದೆ ಮಾರಾಯ್ತಿ. ನಮ್ಮಲ್ಲಿ ಮಕ್ಕಳಿಗೆ ನಡೀಲಿಕ್ಕೆ ಬರುವ ಮೊದ್ಲೇ ಅದೊಂದು ಕಲಿಸಿರ್ತೇವೆ. ಅವ್ರ ಮನೆಯಲ್ಲಿ ಸ್ಟೀಲ್ ಡಬ್ಬಿ ಯಾವಾಗ ಇತ್ತು?"

ನಮ್ಮ ಮಗಳು ಫೋನಿನಿಂದ ತಲೆ ಎತ್ತಿದಳು. "ಅಮ್ಮಾ, ಡೋಂಟ್ ಟೆಲ್ ಎನಿವನ್ ಇಟ್ಸ್ ಅವರ್ಸ್. ದೇ ಕುಡ್ ಸೂ ಅಸ್."

"ಗಂಜಿ ಕೊಟ್ಟದ್ದಕ್ಕೆ ಕೇಸ್ ಹಾಕುದಾ?" ಎಂದರು ಅವಳ ಅಪ್ಪ.

"ಡ್ಯಾಡ್, ಐ'ಮ್ ಸೀರಿಯಸ್."

"ಹೇಳಿ ಆಯ್ತು" ಎಂದೆ ನಾನು. "ಫೈರಿನವ್ರಿಗೇ ಹೇಳಿ ಆಯ್ತು."

ಅಷ್ಟಕ್ಕೇ ಮುಗಿದಿದ್ದರೆ ಒಂದು ಕಪಾಟು, ಒಂದು ಮೈಕ್ರೋವೇವು, ಅಷ್ಟೇ. ಆದರೆ ಕ್ಯಾಲ್ಗರಿಯ ಮಗಳಿಗೆ ಅದೇ ದಿನ ಸುದ್ದಿ ಹೋಯಿತು. ಅಮ್ಮನನ್ನು ಹಿರಿಯರ ಆರೈಕೆ ಮನೆಗೆ ಸೇರಿಸಬೇಕೆಂದು ಅವಳು ಎರಡು ವರ್ಷದಿಂದ ಹೇಳುತ್ತಿದ್ದಳು. ಅಜ್ಜಿ ಒಪ್ಪಿರಲಿಲ್ಲ. ಈಗ ಅವಳು ಅರ್ಜಿ ಹಾಕಿದಳು. ಅಜ್ಜಿ ತನ್ನ ವಾಸದ ಬಗ್ಗೆ ತಾನೇ ತೀರ್ಮಾನಿಸಲು ಶಕ್ತರೇ ಎಂದು ನೋಡಲು ಫೆಬ್ರವರಿಯಲ್ಲಿ ಒಬ್ಬರು ಅಸೆಸರ್, ಅಂದರೆ ಪರಿಶೀಲನೆಯ ಅಧಿಕಾರಿ, ಬರುವುದೆಂದಾಯಿತು. ಶಕ್ತರಲ್ಲ ಎಂದು ಬರೆದರೆ ತೀರ್ಮಾನ ಮಗಳದ್ದು. ಐವತ್ತು ವರ್ಷ ಬಾಳಿದ ಮನೆ ಅಲ್ಲಿಗೆ ಹೋಗುತ್ತದೆ.

ಅಜ್ಜಿಯ ಮಗಳು ನನಗೂ ಫೋನ್ ಮಾಡಿದಳು. ಒರಟಾಗಿ ಏನೂ ಮಾತಾಡಲಿಲ್ಲ. "ದಿನಾ ನೋಡುವವರು ನೀವು. ಬೇರೆ ಏನಾದರೂ ಕಂಡಿದ್ದರೆ ಅವರಿಗೆ ಹೇಳಿ" ಎಂದಳು. ಫೋನ್ ಇಡುವ ಮೊದಲು, "ನಿಮ್ಮ ಮನೆಗೂ ಅವರ ಮನೆಗೂ ನಡುವೆ ಎಷ್ಟು ಅಂತರ ಇದೆ?" ಎಂದು ಕೇಳಿದಳು.

ನಾನು ಅಳೆದಿರಲಿಲ್ಲ. ಫೋನ್ ಇಟ್ಟ ಮೇಲೆ ಹೋಗಿ ಅಳೆದೆ. ಹನ್ನೊಂದು ಅಡಿ.

ಬೇರೆ ಏನಾದರೂ ಕಂಡಿದ್ದರೆ ಎಂಬ ಮಾತು ನನ್ನನ್ನು ಹಿಡಿದುಕೊಂಡಿತು. ಕಂಡದ್ದಿತ್ತು. ಅಕ್ಟೋಬರಿನಲ್ಲಿ ಒಂದು ಸಂಜೆ ಆಫೀಸು ಮುಗಿಸಿ, ನಗರದ ಯೂನಿಯನ್ ನಿಲ್ದಾಣದಿಂದ ಬಂದ ರೈಲಿನಿಂದ ಇಳಿದಾಗ, ನಮ್ಮ ಸ್ಟೇಷನ್ನಿನ ಕೊನೆಯ ಬೆಂಚಿನ ಮೇಲೆ ಅಜ್ಜಿ ಕೂತಿದ್ದರು. ಸ್ವೆಟರು ಮಾತ್ರ ಇತ್ತು, ಕೋಟು ಇರಲಿಲ್ಲ. ಕಾಲಲ್ಲಿ ಮನೆಯ ಸ್ಲಿಪ್ಪರು. ಮಡಿಲಲ್ಲಿ ಕೈಚೀಲ. "ದೋಣಿ ಇವತ್ತು ತಡ" ಎಂದರು ನನ್ನನ್ನು ನೋಡಿ. ನಾನು "ಹೌದು, ತಡ. ನಡೆಯಿರಿ, ಮನೆಯಲ್ಲಿ ಕಾಯೋಣ" ಎಂದು ಕೈ ಹಿಡಿದು ಕರೆತಂದೆ. ನಮ್ಮ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಅವರು ಎಂದಿನಂತೆ ಆಗಿದ್ದರು, ಎಲೆ ಗುಡಿಸುವ ಮಾತು ಆಡಿದರು. ಬೆಂಚಿನ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರಿಗೆ ಮರೆತಿದೆ ಎಂದುಕೊಂಡೆ. ಆ ದಿನದಿಂದ ಬೆಳಿಗ್ಗೆ ಸ್ಟೇಷನ್ನಿಗೆ ಹೊರಡುವಾಗ ಅವರ ಅಡುಗೆಮನೆಯ ದೀಪ ಉರಿಯುತ್ತಿದೆಯೇ ಎಂದು ನೋಡುವ ಅಭ್ಯಾಸವಾಯಿತು. ಉರಿಯದಿದ್ದರೆ ಯೂನಿಯನ್ ಮುಟ್ಟುವವರೆಗೂ ಎದ್ದಿದ್ದಾರೋ ಇಲ್ಲವೋ ಎಂಬ ಯೋಚನೆ. ಉರಿಯುತ್ತಿದ್ದರೆ, ಯಾವಾಗಿನಿಂದ ಉರಿಯುತ್ತಿದೆಯೋ ಎಂಬ ಇನ್ನೊಂದು ಯೋಚನೆ.

ಇದನ್ನು ಗಂಡನಿಗೆ ಮಾತ್ರ ಹೇಳಿದ್ದೆ. ಅಸೆಸರ್ ಬರುವ ಹಿಂದಿನ ದಿನ ಅವರನ್ನು ಕೇಳಿದೆ, "ಸ್ಟೇಷನ್ನಿನ ವಿಷಯ ಹೇಳುದಾ ಬೇಡ್ವಾ?"

"ಕೇಳಿದ್ರೆ ಹೇಳು. ಕೇಳದಿದ್ರೆ ಸುಮ್ನಿರು."

"ಅದು ಸುಳ್ಳಾಗ್ಲಿಕ್ಕಿಲ್ವಾ?"

"ಸುಳ್ಳು ಹೇಗಾಗ್ತದೆ? ನೀನು ಸುಮ್ನೆ ಕೂತದ್ದಷ್ಟೆ." ಆಮೇಲೆ ಅವರೇ ಕಿಟಕಿಯ ಕಡೆ ನೋಡಿದರು. "ಹನ್ನೊಂದು ಅಡಿ ಅಂದಿಯಲ್ಲ. ಅದು ನಂಗೆ ತಲೆಯಿಂದ ಹೋಗುದಿಲ್ಲ ನೋಡು."

ಅದೇ ದಿನ ಮಧ್ಯಾಹ್ನ ಅಜ್ಜಿ ನನ್ನನ್ನು ಕರೆದಿದ್ದರು. ಸುಟ್ಟ ಕಪಾಟನ್ನು ತೆಗೆದಿದ್ದರು, ಗೋಡೆಯಲ್ಲಿ ನಾಲ್ಕು ತೂತುಗಳಷ್ಟೇ ಉಳಿದಿದ್ದವು. ನಾಳೆ ಹೇಗೆ ಕೂರಬೇಕು ಎಂಬುದನ್ನು ಅವರು ಯೋಚಿಸಿಟ್ಟಿದ್ದರು. ಅವರ ಊರಿನಲ್ಲಿ ಹಡಗಿಗೆ ಅಪಾಯವಾದರೆ ಒಂದು ಕ್ರಮವಿದೆ ಎಂದರು. ಉಳಿದು ಬಂದವರೆಲ್ಲ ನ್ಯಾಯಾಧೀಶರ ಮುಂದೆ ಒಂದೇ ಕೋಣೆಯಲ್ಲಿ ಕೂರಬೇಕು. ಹಡಗಿನ ದಿನಚರಿ ಪುಸ್ತಕ ಮೇಜಿನ ಮೇಲೆ ಇರಬೇಕು. ಕಪ್ತಾನನಿಂದ ಅಡುಗೆಯವನ ತನಕ ಒಬ್ಬೊಬ್ಬರೂ ತಾವು ಕಂಡದ್ದನ್ನು ಹೇಳಬೇಕು. ಅದಕ್ಕೆ ಅವರ ಭಾಷೆಯಲ್ಲಿ ಒಂದು ಹೆಸರಿದೆ, ನಾನು ಅದನ್ನು ಕಡಲ ಹೇಳಿಕೆ ಎಂದು ಬರೆಯುತ್ತೇನೆ. ತಪ್ಪು ಯಾರದ್ದು ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಗಾಳಿ ಎಷ್ಟಿತ್ತು, ದೀಪ ಎಲ್ಲಿ ಕಂಡಿತು, ಚುಕ್ಕಾಣಿ ಯಾರ ಕೈಯಲ್ಲಿತ್ತು, ಇಷ್ಟೇ.

"ನಾಳೆ ನೀನೂ ಹಾಗೆ ಹೇಳು. ಕಂಡದ್ದನ್ನು. ಅನಿಸಿದ್ದನ್ನಲ್ಲ" ಎಂದರು.

"ಸರಿ" ಎಂದೆ.

"ನಾನು ಕೋಣೆಯಲ್ಲೇ ಇರುತ್ತೇನೆ. ನನ್ನ ಬೆನ್ನ ಹಿಂದೆ ಬೇಡ."

ಅಸೆಸರ್ ನಡುವಯಸ್ಸಿನ ಹೆಂಗಸು. ಬೂಟುಗಳನ್ನು ಬಾಗಿಲಲ್ಲಿ ಬಿಟ್ಟು ದಪ್ಪ ಕಾಲುಚೀಲದಲ್ಲಿ ಬಂದು ಮೇಜಿನ ಮುಂದೆ ಕೂತರು. ಪಕ್ಕದ ಮನೆಯವಳು ಇರುವುದು ಬೇಕೇ ಎಂದು ಅಜ್ಜಿಯನ್ನು ಕೇಳಿದರು. ಬೇಕು ಎಂದರು ಅಜ್ಜಿ. ಮಗಳು ಫೋನಿನ ಸ್ಪೀಕರಿನಲ್ಲಿ ಇದ್ದಳು. ಅಜ್ಜಿ ನೀಲಿ ಅಂಗಿ ತೊಟ್ಟು, ಕೂದಲು ಬಾಚಿ, ಮೇಜಿನ ಮಧ್ಯದಲ್ಲಿ ಗೋಡೆಯಿಂದ ಇಳಿಸಿದ ಕ್ಯಾಲೆಂಡರನ್ನು ಇಟ್ಟಿದ್ದರು. ದಿನಚರಿ ಪುಸ್ತಕದ ಬದಲಿಗೆ ಅದು ಎಂದು ನನಗೊಬ್ಬಳಿಗೇ ಅರ್ಥವಾಯಿತು.

ಅಸೆಸರ್ ಮೊದಲು ಅಜ್ಜಿಯನ್ನು ಕೇಳಿದರು. ಬೆಂಕಿ ಹೇಗಾಯಿತು, ಇನ್ನೊಮ್ಮೆ ಆದರೆ ಏನು ಮಾಡುತ್ತೀರಿ, ಬಿದ್ದರೆ ಯಾರನ್ನು ಕರೆಯುತ್ತೀರಿ. ಅಜ್ಜಿ ನಿಧಾನವಾಗಿ ಉತ್ತರಿಸಿದರು. ಎರಡು ಕಡೆ ತಡವರಿಸಿದರು, ಒಂದು ಕಡೆ ಪದಕ್ಕೆ ಕಾದರು. ಆಮೇಲೆ ನನ್ನ ಸರದಿ.

ನಾನು ಹೇಳಿದೆ. ಹತ್ತು ಗಂಟೆಗೆ ಗಂಜಿ ಕೊಟ್ಟದ್ದು, ಡಬ್ಬಿ ಸ್ಟೀಲಿನದು, ಟವೆಲು ಸುತ್ತಿದ್ದು ನಾನು, ಮೈಕ್ರೋವೇವಿಗೆ ಇಡಬಾರದೆಂದು ಹೇಳದೇ ಇದ್ದದ್ದು ನಾನು, ಅಲ್ಲಿಯವರೆಗೆ ಯಾವಾಗಲೂ ಗಾಜಿನ ಡಬ್ಬಿಯಲ್ಲೇ ಕೊಡುತ್ತಿದ್ದದ್ದು, ಹೊಗೆ ಕಂಡೂ ಒಂದು ನಿಮಿಷದಷ್ಟು ನಿಂತದ್ದು. ಬೂಷ್ಟು ಹಿಡಿದ ಗಂಜಿಯನ್ನೂ ಹೇಳಿದೆ. ಅಸೆಸರ್ ಬರೆದುಕೊಂಡರು. "ಬೇರೆ ಏನಾದರೂ?" ಎಂದು ಕೇಳಿದರು.

ಕೇಳಿದರೆ ಹೇಳು ಎಂದಿದ್ದರು ನನ್ನ ಗಂಡ. ಈಗ ಅಸೆಸರ್ ಕೇಳಿದ್ದರು. ಮೇಜಿನ ಆಚೆ ಅಜ್ಜಿ ಕ್ಯಾಲೆಂಡರಿನ ಅಂಚನ್ನು ಬೆರಳಿನಿಂದ ನೇರಮಾಡುತ್ತಿದ್ದರು. ನಾವು ಇಲ್ಲಿಗೆ ಬಂದ ಈ ಆರು ವರ್ಷದಲ್ಲಿ ಆ ಮೇಜಿನಲ್ಲಿ ಎಷ್ಟು ಸಲ ಕಾಫಿ ಕುಡಿದಿದ್ದೇನೋ. "ಇಲ್ಲ, ಅಷ್ಟೇ" ಎಂದೆ.

ಫೋನಿನಲ್ಲಿ ಮಗಳ ಉಸಿರು ಕೇಳುತ್ತಿತ್ತು.

"ಇನ್ನೊಂದಿದೆ" ಎಂದರು ಅಜ್ಜಿ. "ಅವಳು ಬಿಟ್ಟಳು." ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ಮಗುಚಿದರು. ಹೋದ ವರ್ಷದ್ದನ್ನೂ ಅದಕ್ಕೇ ಸೇರಿಸಿ ಕಟ್ಟಿಟ್ಟಿದ್ದರು. ಅಕ್ಟೋಬರಿನ ಒಂದು ಮಂಗಳವಾರದ ಮೇಲೆ ಪೆನ್ಸಿಲಿನ ಸಣ್ಣ ಗುರುತು ಇತ್ತು. "ಈ ದಿನ ನಾನು ರೈಲು ನಿಲ್ದಾಣಕ್ಕೆ ಹೋಗಿ ದೋಣಿಗೆ ಕಾದೆ. ಹೇಗೆ ಹೋದೆ ಎಂದು ಗೊತ್ತಿಲ್ಲ. ಕೋಟು ಹಾಕಿರಲಿಲ್ಲ. ಇವಳು ನನ್ನನ್ನು ಮನೆಗೆ ತಂದಳು. ಮನೆಗೆ ಬಂದ ಮೇಲೆ ಎಲ್ಲಿದ್ದೆ ಎಂದು ತಿಳಿಯಿತು. ಆಮೇಲೆ ಬಹಳ ಹೊತ್ತು ನಡುಗಿದೆ."

"ಅಮ್ಮಾ" ಎಂದಳು ಫೋನಿನಲ್ಲಿ ಮಗಳು. ಮುಂದೆ ಡ್ಯಾನಿಷಿನಲ್ಲಿ ಏನೋ ಹೇಳಿದಳು. ಅಜ್ಜಿ ಕ್ಯಾಲೆಂಡರನ್ನು ಅಸೆಸರ್ ಕಡೆಗೆ ತಿರುಗಿಸಿದರು.

ನಾನು ಸುಳ್ಳು ಹೇಳಿದ್ದು ಎಲ್ಲರ ಮುಂದೆ ತಿಳಿಯಿತು ಎಂಬುದಕ್ಕಿಂತ, ನಾಲ್ಕು ತಿಂಗಳಿಂದ ಅದು ಅವರಿಗೆ ನೆನಪಿತ್ತು, ನಾನು ಬೆಳಿಗ್ಗೆ ದೀಪ ನೋಡುತ್ತಿದ್ದ ಅಷ್ಟೂ ದಿನ ಒಳಗೆ ಅವರೂ ತಮ್ಮನ್ನು ನೋಡಿಕೊಳ್ಳುತ್ತಿದ್ದರು ಎಂಬುದು ನನ್ನನ್ನು ಅಲುಗಿಸಿತು. ಅಸೆಸರ್ ಪೆನ್ನು ಕೆಳಗಿಟ್ಟು, ಇದು ಮತ್ತೆ ಆದರೆ ಏನಾಗಬಹುದು ಎಂದು ಕೇಳಿದರು. "ಚಳಿಯಲ್ಲಿ ಸಾಯಬಹುದು" ಎಂದರು ಅಜ್ಜಿ. "ಇಲ್ಲಿ ಬೆಂಕಿಯಾದರೆ ಇವಳ ಮನೆಗೂ ಹಿಡಿಯಬಹುದು. ಗೊತ್ತಿದೆ. ಆದರೂ ಇಲ್ಲೇ ಇರಲು ಇಷ್ಟಪಡುತ್ತೇನೆ, ಆಗುವಷ್ಟು ದಿನ."

ಹತ್ತು ದಿನಗಳ ಮೇಲೆ ಪತ್ರ ಬಂತು. ಅಜ್ಜಿ ಶಕ್ತರು ಎಂದಿತ್ತು. ತಮ್ಮ ಅಪಾಯ ಏನೆಂದು ಅವರಿಗೆ ತಿಳಿದಿದೆ, ಆದ್ದರಿಂದ ತೀರ್ಮಾನ ಅವರದೇ. ನಮಗೆ ಅರ್ಧ ದಿನ ಸಂತೋಷವಾಯಿತು. ಸಂಜೆ ನನ್ನ ಗಂಡ, "ಅಂದ್ರೆ ಇನ್ನು ಮುಂದೆ ಏನಾದ್ರೂ ಆದ್ರೆ ತಡಿಲಿಕ್ಕೆ ಯಾರೂ ಇಲ್ಲ ಅಂತಾಯ್ತಲ್ಲ" ಎಂದರು.

ಮರುದಿನ ಹೋಗಿ ಕ್ಷಮೆ ಕೇಳಿದೆ.

"ಯಾಕೆ ಬಿಟ್ಟೆ?" ಎಂದರು.

"ನಿಮ್ಮ ಮನೆ ಹೋಗಬಾರದು ಎಂದು."

ಆಗ ತಮ್ಮ ಅಜ್ಜನ ಕಥೆ ಹೇಳಿದರು. ಅಜ್ಜ ಹುಡುಗನಾಗಿದ್ದಾಗ ನ್ಯೂಫೌಂಡ್‌ಲ್ಯಾಂಡಿನಿಂದ ಉಪ್ಪುಮೀನು ಒಯ್ಯುವ ಹಾಯಿಹಡಗಿನಲ್ಲಿ ಅಡುಗೆಯವನಾಗಿದ್ದನಂತೆ. ಹಡಗು ಮಂಜಿನಲ್ಲಿ ಬಂಡೆಗೆ ತಾಗಿತು. ಎಲ್ಲರೂ ಬದುಕಿದರು. ಹಡಗಿನ ಮುಂತುದಿಯಲ್ಲಿ ನಿಂತು ದಾರಿ ನೋಡುತ್ತಿದ್ದವನಿಗೆ ಕಣ್ಣು ಮಸುಕಾಗಿತ್ತು, ಅದು ಹಡಗಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಹೇಳಿಕೆಯ ದಿನ ಒಬ್ಬೊಬ್ಬರೂ ಮಂಜು ಎಂದರು, ಕಣ್ಣು ಎನ್ನಲಿಲ್ಲ. ಅವನಿಗೆ ನಾಲ್ಕು ಮಕ್ಕಳಿದ್ದವು. ಮುಂದಿನ ವರ್ಷ ಅವನಿಗೆ ಬೇರೆ ಹಡಗಿನಲ್ಲಿ ಅದೇ ಕೆಲಸ ಸಿಕ್ಕಿತು. ಆ ಹಡಗು ಹಿಂದಿರುಗಲಿಲ್ಲ. ಅದರಲ್ಲಿ ಅಜ್ಜನ ತಮ್ಮನೂ ಇದ್ದ.

"ಯಾಕೆ ಹೇಳಲಿಲ್ಲ ಎಂದು ಅಜ್ಜನನ್ನು ಕೇಳಿದ್ದೆ. ಅವನ ಮನೆಯಲ್ಲಿ ಊಟ ಮಾಡಿದ್ದೆ ಎಂದ."

ಉಪ್ಪಿನ ಋಣ ಎಂದು ನಮ್ಮಲ್ಲಿ ಹೇಳುತ್ತಾರೆ ಎಂದು ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ.

ಅವರು ನನ್ನ ಕ್ಷಮೆಯನ್ನು ಒಪ್ಪಿದರು ಎಂದು ಹೇಳಲಾರೆ. ಬದಲಿಗೆ ಒಂದು ಕೆಲಸ ಕೊಟ್ಟರು. ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಬಂದು, ಆ ವಾರ ನಾನು ಕಂಡದ್ದನ್ನು ಅವರ ಮುಂದೆಯೇ ಹೇಳಬೇಕು. ಮಗಳಿಗಲ್ಲ, ಡಾಕ್ಟರಿಗಲ್ಲ, ಅವರಿಗೆ. "ನನಗೆ ಕಾಣದ್ದು ನಿನಗೆ ಕಾಣುತ್ತದೆ. ಈ ಮನೆ ಬಿಟ್ಟು ಯಾವಾಗ ಹೊರಡಬೇಕು ಎಂದು ನಾನು ತೀರ್ಮಾನಿಸಬೇಕಲ್ಲ. ಅದಕ್ಕೆ ಪೂರ್ತಿ ಹೇಳಿಕೆ ಬೇಕು."

ಮಾರ್ಚಿನಿಂದ ಹೋಗುತ್ತಿದ್ದೇನೆ. ಶನಿವಾರ ಸಂಜೆಯೇ ಕೂತು ಆ ವಾರ ಕಂಡದ್ದನ್ನು ಎಣಿಸಿಕೊಳ್ಳುತ್ತೇನೆ. ಮೊದಲ ಭಾನುವಾರ ಒಂದೇ ವಿಷಯ ಇತ್ತು: ಕಸದ ಡಬ್ಬವನ್ನು ತಪ್ಪು ದಿನ ಹೊರಗಿಟ್ಟದ್ದು. ಅವರು ನಕ್ಕು, "ಅದನ್ನು ಮೂವತ್ತನೆಯ ವಯಸ್ಸಿನಲ್ಲೂ ಮಾಡುತ್ತಿದ್ದೆ" ಎಂದರು. ಏಪ್ರಿಲಿನಲ್ಲಿ ಎರಡು, ಮೂರು. ಒಂದೊಂದಕ್ಕೂ ಎಷ್ಟು ಗಂಟೆಗೆ, ನೀನು ಎಲ್ಲಿ ನಿಂತಿದ್ದೆ, ಬಾಗಿಲು ತೆರೆದಿತ್ತೋ ಎಂದು ಕೇಳುತ್ತಾರೆ, ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ಒಂದು ಸಲ ನಾನು ಒಂದನ್ನು ಮೆತ್ತಗೆ ಮಾಡಿ ಹೇಳಿದಾಗ ಪೆನ್ಸಿಲು ನಿಂತಿತು. ಮತ್ತೆ ಮೊದಲಿನಿಂದ ಹೇಳಿದೆ.

ಕಳೆದ ಭಾನುವಾರ ಐದು ಇದ್ದವು. ಮೊದಲನೆಯದು ಹೇಳಿದೆ. ಎರಡನೆಯದು ಹೇಳಿದೆ. ಮೂರನೆಯದು ಬುಧವಾರದ್ದು: ಬೆಳಿಗ್ಗೆ ಆರೂ ನಲವತ್ತಕ್ಕೆ ಅವರು ನಮ್ಮ ಬಾಗಿಲು ತಟ್ಟಿ, ಇದು ಯಾರ ಮನೆ ಎಂದು ನನ್ನನ್ನೇ ಕೇಳಿದ್ದರು. ಇದನ್ನು ಹೇಳುವಾಗ ಅವರ ಕಣ್ಣನ್ನು ನೋಡಲು ನನ್ನಿಂದ ಆಗಲಿಲ್ಲ, ಮೇಜಿನ ಮರವನ್ನು ನೋಡುತ್ತ ಹೇಳಿದೆ. ಅವರು ಗುರುತು ಹಾಕಲಿಲ್ಲ. ಕೈ ಚಾಚಿ ಫೋನ್ ಕೊಡು ಎಂದರು. ಮಗಳ ನಂಬರನ್ನು ಒಂದು ಅಂಕಿಯೂ ತಪ್ಪದೆ ಒತ್ತಿದರು. ತಮ್ಮ ಭಾಷೆಯಲ್ಲಿ ಮಾತಾಡಿದರು, ನಾಲ್ಕೈದು ವಾಕ್ಯ. ಅದು ಹೊರಡುವ ಮಾತು ಎಂದು ತಿಳಿಯಲು ನನಗೆ ಡ್ಯಾನಿಷ್ ಬೇಕಾಗಲಿಲ್ಲ. ಆಚೆ ಕಡೆ ಮಗಳು ಅಳುವುದು ಕೇಳಿಸಿತು. ಅಜ್ಜಿ ಅವಳ ಅಳು ನಿಲ್ಲುವ ತನಕ ಕಾದು, ಇನ್ನೊಂದು ಮಾತು ಹೇಳಿ, ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು.

ನಾನು ಏಳಲೋ ಕೂರಲೋ ತಿಳಿಯದೆ ಇದ್ದೆ. ಅವರು ಪೆನ್ಸಿಲು ತೆಗೆದುಕೊಂಡು ಬುಧವಾರದ ಮೇಲೆ ಗುರುತು ಹಾಕಿದರು.

"ನಾಲ್ಕನೆಯದು?" ಎಂದರು.

ನಾನು ನಾಲ್ಕನೆಯದನ್ನು ಹೇಳಿದೆ.